ಹೊಲದ ಮಣ್ಣೂ ಒಂದು ಲೆಕ್ಕದ ಪುಸ್ತಕ



ನಮ್ಮ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಸಂತೋಷದ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ನೀನೂ ಏನಾದರೂ ಬರೆದುಕೊಡು ಎಂದು ಹಿರಿಯ ನಿರ್ದೇಶಕರು ಹೇಳಿದರು. ಷೇರು, ಸಾಲ, ಬಡ್ಡಿ, ಗೊಬ್ಬರದ ವಿಷಯ ಬರೆಯಲು ಬೇಕಾದಷ್ಟು ಜನ ಇದ್ದಾರೆ. ಆದ್ದರಿಂದ ನಾನು ನಮ್ಮ ಕಾಲ ಕೆಳಗಿರುವ ಮಣ್ಣಿನ ಇತಿಹಾಸದ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತ, ಪಂಡಿತನಲ್ಲ. ಆದರೆ ಭೂಮಿಯನ್ನು ಮೊದಲು ಬಗೆದು ನೋಡುವವನು ಪಂಡಿತನಲ್ಲ, ಉಳುವವನು. ಆದ್ದರಿಂದ ಈ ವಿಷಯದಲ್ಲಿ ನಮಗೂ ಒಂದು ಜವಾಬ್ದಾರಿ ಇದೆ ಅಂತ ನನ್ನ ಭಾವನೆ.

ಉಳುವಾಗ ಮೇಲೆ ಬರುವ ವಸ್ತುಗಳು

ಮುಂಗಾರು ಮಳೆ ಬಿದ್ದು ಉಕ್ಕೆ ಹೊಡೆಯುವಾಗ ಕೆಲವು ಹೊಲಗಳಲ್ಲಿ ಮಡಕೆ ಚೂರು ರಾಶಿ ರಾಶಿ ಮೇಲೆ ಬರುತ್ತದೆ. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ನುಣುಪಾದ ಚೂರು, ಬಳೆ ತುಂಡು, ಮಣಿ, ಕಬ್ಬಿಣದ ಕಿಟ್ಟ, ಒಮ್ಮೊಮ್ಮೆ ನುಣ್ಣಗೆ ತೇದ ಕಲ್ಲಿನ ಕೊಡಲಿ. ಇಂಥ ಕೊಡಲಿಯನ್ನು ಸಿಡಿಲಿನ ಜೊತೆ ಬಿದ್ದ ಕಲ್ಲು ಎಂದು ನಂಬಿ ಮರದ ಕೆಳಗೆ ದೇವರ ಬಳಿ ಇಟ್ಟಿರುವ ಊರುಗಳೂ ಇವೆ. ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ ಮಾಡಿದ ಹಳೆಯ ಗೋರಿಗಳಿಗೆ ನಮ್ಮ ಜನ ಪಾಂಡವರ ಗುಡಿ, ಮೋರ್ಯರ ಮನೆ ಎಂದು ಹೆಸರಿಟ್ಟಿದ್ದಾರೆ. ಇವೆಲ್ಲಾ ಒಂದೇ ಕಾಲದವಲ್ಲ. ಒಂದೊಂದಕ್ಕೂ ಸಾವಿರ ವರ್ಷಗಳ ಅಂತರ ಇರಬಹುದು. ಆದರೂ ಒಂದೇ ಹೊಲದಲ್ಲಿ ಸಿಗುತ್ತವೆ. ಅದು ಹೇಗೆ?

ಕಾರಣ ಸರಳ. ನೀರು ಹತ್ತಿರ ಇರಬೇಕು, ಮಣ್ಣು ಚೆನ್ನಾಗಿರಬೇಕು, ದನ ಮೇಯಲು ಗುಡ್ಡ ಇರಬೇಕು. ಇಂಥ ಜಾಗವನ್ನು ಒಬ್ಬರು ಬಿಟ್ಟರೆ ಇನ್ನೊಬ್ಬರು ಹಿಡಿಯುತ್ತಾರೆ. ಮಣ್ಣಿನ ಗೋಡೆಯ ಮನೆ ಬಿದ್ದರೆ ಅದನ್ನೇ ಮಟ್ಟ ಮಾಡಿ ಅದರ ಮೇಲೆ ಹೊಸ ಮನೆ ಕಟ್ಟುತ್ತಾರೆ. ಒಲೆಯ ಬೂದಿ, ತಿಪ್ಪೆಯ ಕಸ, ಒಡೆದ ಮಡಕೆ ಸೇರುತ್ತಾ ಸೇರುತ್ತಾ ನೆಲ ಎತ್ತರವಾಗುತ್ತದೆ. ಹೀಗಾಗಿ ಹಳೆಯದು ಅಡಿಯಲ್ಲಿ, ಹೊಸದು ಮೇಲೆ. ನಮ್ಮ ಸಂಘದ ಲೆಡ್ಜರ್ ಇದ್ದ ಹಾಗೆಯೇ, ಮೊದಲ ವರ್ಷದ ಪುಟ ಅಡಿಯಲ್ಲಿ, ಈ ವರ್ಷದ ಪುಟ ಮೇಲೆ.

ಬ್ರಹ್ಮಗಿರಿಯ ಹೊಲಗಳು

ಈ ಪುಟಗಳನ್ನು ಒಂದೊಂದಾಗಿ ಬಿಡಿಸಿ ಓದಿದ ದೊಡ್ಡ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಅದು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ನಮ್ಮ ಕಡೆಯಂತೆಯೇ ಕಲ್ಲುಗುಡ್ಡ, ಮಳೆ ನಂಬಿದ ಹೊಲ, ಪಕ್ಕದಲ್ಲಿ ಸಿದ್ದಾಪುರ ಎಂಬ ಹಳ್ಳಿ. ಮೈಸೂರು ಸಂಸ್ಥಾನದ ಶಾಸನಗಳನ್ನು ಹುಡುಕುತ್ತಾ ಊರೂರು ತಿರುಗಿದ ಬಿ.ಎಲ್. ರೈಸ್ ಅವರಿಗೆ 1892ರಲ್ಲಿ ಇಲ್ಲಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಸಿಕ್ಕಿತು. ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲೂ ಅಂಥವೇ ಸಿಕ್ಕವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಎಂಬುದು ಅದರ ಸಾರಾಂಶ. ಅದು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬರೆದದ್ದು. ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಸೇರಿಸಿದ್ದಾನೆ. ಅಂದರೆ ಸುಮಾರು ಎರಡು ಸಾವಿರದ ಇನ್ನೂರೈವತ್ತು ವರ್ಷದ ಹಿಂದೆಯೇ ಅಲ್ಲಿ ಅಧಿಕಾರಿಗಳಿದ್ದ ಊರು ಇತ್ತು ಎಂದಾಯಿತು.

ಆ ಊರು ಎಲ್ಲಿ? ಅದು ಹೊಲಗಳ ಅಡಿಯಲ್ಲಿತ್ತು. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು 1940ರಲ್ಲಿ ಇಲ್ಲಿ ಅಗೆಸಿದರು. ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರೂ ಇವರೇ. ಆಮೇಲೆ 1947ರಲ್ಲಿ ಭಾರತ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಅವರು ಬಂದು ಪದರ ಪದರವಾಗಿ ಬಿಡಿಸಿದರು. ಅಡಿಯಿಂದ ಮೇಲಕ್ಕೆ ಮೂರು ಕಾಲದ ಜನರ ಗುರುತು ಸಿಕ್ಕಿತು.

ಎಲ್ಲಕ್ಕಿಂತ ಅಡಿಯಲ್ಲಿ ಕಲ್ಲಿನ ಕೊಡಲಿ ತೇದು ಬಳಸುತ್ತಿದ್ದವರು. ಕೈಯಲ್ಲಿ ತಟ್ಟಿ ಮಾಡಿದ ಬೂದುಬಣ್ಣದ ಮಡಕೆ ಅವರದು. ತೀರಿಕೊಂಡ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಅದರ ಮೇಲಿನ ಪದರದಲ್ಲಿ ಕಬ್ಬಿಣ ಬಲ್ಲವರು. ಕಪ್ಪು ಕೆಂಪು ಮಡಕೆ ಇವರ ಗುರುತು. ಕಲ್ಲು ಚಪ್ಪಡಿಯ ಕೋಣೆ ಕಟ್ಟಿ, ಒಂದು ಚಪ್ಪಡಿಯಲ್ಲಿ ದುಂಡು ಕಿಂಡಿ ಬಿಟ್ಟು, ಸುತ್ತ ಗುಂಡುಕಲ್ಲು ನಿಲ್ಲಿಸಿ, ಒಳಗೆ ಸತ್ತವರ ಮೂಳೆಯ ಜೊತೆ ಮಡಕೆ, ಕಬ್ಬಿಣದ ಆಯುಧ, ಮಣಿ ಇಡುತ್ತಿದ್ದರು. ಎಲ್ಲಕ್ಕಿಂತ ಮೇಲಿನ ಪದರ ಸಾತವಾಹನರ ಕಾಲದ್ದು. ತಿಗರಿಯ ಮೇಲೆ ಮಾಡಿ ಬಿಳಿ ಗೆರೆ ಎಳೆದ ಮಡಕೆಗಳು, ಬಳೆಗಳು ಇಲ್ಲಿ ಸಿಕ್ಕವು.

ಒಂದು ಮಡಕೆ ಚೂರಿನ ಬೆಲೆ

ಈ ಪದರಗಳಿಗೆ ಕಾಲ ಕಟ್ಟಿದ್ದು ಹೇಗೆ ಎಂಬುದೇ ಕೇಳಬೇಕಾದ ವಿಷಯ. ಬ್ರಹ್ಮಗಿರಿಗೆ ಬರುವ ಮುಂಚೆ 1945ರಲ್ಲಿ ವೀಲರ್ ಅವರು ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಅಗೆಸಿದ್ದರು. ಅದು ಸಮುದ್ರ ವ್ಯಾಪಾರದ ಹಳೆಯ ಪಟ್ಟಣ. ಅಲ್ಲಿ ಇಟಲಿ ದೇಶದಿಂದ ಹಡಗಿನಲ್ಲಿ ಬಂದ ಕೆಂಪು ತಟ್ಟೆಯ ಚೂರುಗಳು ಸಿಕ್ಕವು. ಅದರ ಕಾಲ ಗೊತ್ತಿತ್ತು, ಕ್ರಿ.ಶ. ಮೊದಲನೇ ಶತಮಾನದ ಆರಂಭದ ಆಸುಪಾಸು. ಅದರ ಜೊತೆಯಲ್ಲೇ, ಒಳತಳದಲ್ಲಿ ಸುತ್ತಲೂ ಚುಕ್ಕೆ ಚುಕ್ಕೆ ಗೀರಿದ ಇನ್ನೊಂದು ಬಗೆಯ ತಟ್ಟೆಯೂ ಸಿಕ್ಕಿತ್ತು. ಅದೇ ಬಗೆಯ ತಟ್ಟೆಯ ಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಕಾಣಿಸಿತು! ಹಾಗಾಗಿ ಆ ಪದರ ಸುಮಾರು ಯಾವ ಕಾಲದ್ದು ಎಂದು ಗೊತ್ತಾಯಿತು. ಅದರ ಅಡಿಯವು ಅದಕ್ಕಿಂತ ಹಿಂದಿನವು ಎಂದೂ ಆಯಿತು. ಅದೇ 1947ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯವೂ ಸಿಕ್ಕಿತು. ನಮ್ಮ ಬೆಂಗಳೂರಿನ ಯಶವಂತಪುರದಲ್ಲೇ 1891ರಲ್ಲಿ ರೋಮನ್ನರ 163 ಬೆಳ್ಳಿ ನಾಣ್ಯ ಸಿಕ್ಕಿದ್ದವು. ನಮ್ಮ ಸೀಮೆ ಎಲ್ಲಿ, ರೋಮ್ ಎಲ್ಲಿ!

ನೋಡಿ, ಇಷ್ಟಕ್ಕೆಲ್ಲಾ ಆಧಾರವಾದದ್ದು ಬಂಗಾರವಲ್ಲ, ಸಂತೆಯಲ್ಲಿ ಎಂಟಾಣೆಗೂ ಮಾರದ ಮಡಕೆ ಚೂರು. ಆ ಚೂರಿಗೆ ಬೆಲೆ ಬಂದದ್ದು ಅದು ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂದು ಬರೆದಿಟ್ಟಿದ್ದರಿಂದ. ಅದೇ ಚೂರನ್ನು ಕಿತ್ತು ಬದುವಿನ ಮೇಲೆ ಎಸೆದಿದ್ದರೆ ತಾರೀಖು, ಸಹಿ ಇಲ್ಲದ ವೋಚರಿನ ಹಾಗೆ. ಹಣ ಖರ್ಚಾಗಿರೋದು ನಿಜ ಇರಬಹುದು, ಆದರೆ ಯಾವ ಆಡಿಟರೂ ಒಪ್ಪಲ್ಲ.

ಇನ್ನೂ ಒಂದು ಮಾತಿದೆ. ವೀಲರ್ ಕಟ್ಟಿದ ಕಾಲಗಳು ಆಮೇಲೆ ಬದಲಾದವು. ಕಲ್ಲುಕೊಡಲಿಯ ಜನ ಕ್ರಿ.ಪೂ. ಮೊದಲನೇ ಸಹಸ್ರಮಾನದವರು ಎಂದು ಅವರು ಲೆಕ್ಕ ಹಾಕಿದ್ದರು. ಇದ್ದಿಲಿನಿಂದ ಕಾಲ ತಿಳಿಯುವ ವಿಧಾನ ಬಂದ ಮೇಲೆ ಕರ್ನಾಟಕದಲ್ಲಿ ಆ ಜನ ಕ್ರಿ.ಪೂ. 3000ದ ಸುಮಾರಿಗೇ ಇದ್ದರು ಎಂದು ತಿಳಿಯಿತು. ತುಂಗಭದ್ರಾ ತೀರದ ಹಳ್ಳೂರಿನಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ನಡೆಸಿದ ಉತ್ಖನನದಿಂದ ಕಬ್ಬಿಣದ ಕಾಲವೂ ಸುಮಾರು ಕ್ರಿ.ಪೂ. 1000ಕ್ಕೆ ಹಿಂದೆ ಸರಿಯಿತು. ಆದರೆ ಬ್ರಹ್ಮಗಿರಿಯ ಪದರಗಳ ಕ್ರಮ ಮಾತ್ರ ಹಾಗೇ ಉಳಿಯಿತು. ಪುಸ್ತಕ ಸರಿಯಾಗಿ ಬರೆದಿದ್ದರೆ ಕೂಡಿದ್ದು ತಪ್ಪಾದರೂ ತಿದ್ದಬಹುದು. ಪುಸ್ತಕವೇ ಹರಿದುಹೋದರೆ ಏನನ್ನು ತಿದ್ದೋದು?

ರೈತನಿಗೆ ಇದರಿಂದ ಏನು?

"ಇದೆಲ್ಲಾ ನಮಗ್ಯಾಕಪ್ಪಾ, ಹೊಟ್ಟೆಗೆ ಹಿಟ್ಟು ಕೊಡ್ತದಾ?" ಅಂತ ಕೇಳುವವರಿಗೆ ಒಂದು ಸಮಾಚಾರ. ಈಚಿನ ವಿದ್ವಾಂಸರು ಅಗೆದ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬರುವ ಸುಟ್ಟ ಕಾಳುಗಳನ್ನು ಆರಿಸಿ ನೋಡುತ್ತಾರೆ. ಹೀಗೆ ನೋಡಿದಾಗ ದಕ್ಷಿಣದ ಕಲ್ಲುಕೊಡಲಿ ಕಾಲದ ಜನ ಬೆಳೆಯುತ್ತಿದ್ದದ್ದು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯಗಳು ಎಂದು ತಿಳಿದಿದೆ. ನಾವು ಇವತ್ತು ಹಿಂಗಾರಿಗೆ ಎರಚುವ ಹುರುಳಿಗೆ ನಾಲ್ಕು ಸಾವಿರ ವರ್ಷದ ವಂಶಾವಳಿ ಇದೆ. ಬಳ್ಳಾರಿ ಕಡೆಯ ಕುಡತಿನಿಯಲ್ಲಿ ದೊಡ್ಡ ಬೂದಿದಿಬ್ಬ ಇದೆ. ಅದು ಆ ಕಾಲದ ದನಗಾರರು ಸೆಗಣಿ ರಾಶಿ ಹಾಕಿ ಸುಟ್ಟದ್ದರಿಂದ ಆದದ್ದು ಎಂದು ಗೊತ್ತಾಗಿದೆ. ಅಂದರೆ ಇತಿಹಾಸ ಬರೀ ರಾಜರದ್ದಲ್ಲ. ದನ ಕಟ್ಟಿದವನದ್ದು, ಕಾಳು ಬಿತ್ತಿದವನದ್ದು, ಮಡಕೆ ತಟ್ಟಿದವಳದ್ದು. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ, ಮಣ್ಣಿನಲ್ಲಿ ಮಾತ್ರ ಇದೆ.

ನಮ್ಮ ಸೀಮೆಯೂ ಬರಿದಾಗಿಲ್ಲ. ಮಾಗಡಿ ತಾಲ್ಲೂಕಿನ ಸಾವನದುರ್ಗದ ಬಳಿಯ ಕಲ್ಲುಗೋರಿಗಳ ಬಗ್ಗೆ ಬ್ರಾನ್‌ಫಿಲ್ ಎಂಬ ಅಧಿಕಾರಿ 1881ರಲ್ಲೇ ಬರೆದಿದ್ದಾರೆ. ಕನಕಪುರಕ್ಕೆ ಆಗ ಕಾನಕಾನಹಳ್ಳಿ ಎಂದು ಹೆಸರು. ಆ ತಾಲ್ಲೂಕಿನ, ಚನ್ನಪಟ್ಟಣ, ಮಾಗಡಿಯ ಶಾಸನಗಳೆಲ್ಲಾ ರೈಸ್ ಅವರ ಶಾಸನ ಸಂಪುಟಗಳಲ್ಲಿ ಒಂಬತ್ತನೆಯದರಲ್ಲಿ ಸೇರಿ 1905ರಲ್ಲಿ ಅಚ್ಚಾದವು. ಅದೇ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದು ಎಂಬುದು ನಮಗೆ ಹೆಮ್ಮೆಯ ಹೊಂದಾಣಿಕೆ. ನಮ್ಮ ಅರ್ಕಾವತಿ ಹೋಗಿ ಸೇರುವ ಕಾವೇರಿಯ ಮೇಲ್ದಂಡೆಯಲ್ಲಿ, ತಿರುಮಕೂಡಲು ನರಸೀಪುರದಲ್ಲಿ ಡಾ. ಎಂ. ಶೇಷಾದ್ರಿಯವರು ಕಲ್ಲುಕೊಡಲಿ ಕಾಲದ ನೆಲೆಯನ್ನು ಅಗೆಸಿ ತೋರಿಸಿದ್ದಾರೆ. ಕಾನಕಾನಹಳ್ಳಿ ಕನಕಪುರ ಆಯಿತು, ಕ್ಲೋಸ್‌ಪೇಟೆ ರಾಮನಗರ ಆಯಿತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಆಯಿತು. ಕಾಗದದ ಮೇಲಿನ ಹೆಸರು ಎಷ್ಟು ಸಲ ಬೇಕಾದರೂ ಬದಲಾಗುತ್ತದೆ. ಮಣ್ಣಿನ ಪುಟ ಒಂದು ಸಲ ಹರಿದರೆ ಹೋಯಿತು.

ಹರಿಯುತ್ತಿರುವ ಪುಟಗಳು

ನೇಗಿಲು ಗೇಣುದ್ದ ಮಾತ್ರ ಬಗೆಯುತ್ತಿತ್ತು. ಅಡಿಯ ಪದರ ಸಾವಿರಾರು ವರ್ಷ ಉಳಿದದ್ದು ಅದಕ್ಕೇ. ಈಗ ಜೆ.ಸಿ.ಬಿ. ಒಂದು ದಿನದಲ್ಲಿ ಆಳೆತ್ತರ ತೆಗೆದು ಹೊಲ ಮಟ್ಟ ಮಾಡುತ್ತದೆ. ಕಲ್ಲು ಕ್ವಾರಿ, ರಸ್ತೆ, ಲೇಔಟು ಎಲ್ಲಾ ಬಂದಿವೆ. ಇವನ್ನು ಬೇಡ ಅನ್ನೋಕಾಗಲ್ಲ, ನಮಗೂ ಬದುಕು ಬೇಕು. ಇದಕ್ಕಿಂತ ಕೆಟ್ಟದ್ದು ನಿಧಿಯಾಸೆ. ರಾತ್ರೋರಾತ್ರಿ ವೀರಗಲ್ಲು ಕೀಳುವುದು, ಕಲ್ಲುಬಸವನನ್ನು ಒಡೆಯುವುದು, ಗೋರಿ ಅಗೆಯುವುದು ಮಾಡ್ತಾರೆ. ಆ ಗೋರಿಗಳಲ್ಲಿ ಇರೋದು ಬಹುಪಾಲು ಮಡಕೆ, ಮೂಳೆ, ತುಕ್ಕು ಹಿಡಿದ ಕಬ್ಬಿಣ. ಕಳ್ಳನಿಗೂ ಲಾಭವಿಲ್ಲ, ಊರಿಗೂ ಲಾಭವಿಲ್ಲ.

ಗೊತ್ತಿಲ್ಲದೆ ಆಗುವ ನಷ್ಟವೂ ಉಂಟು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಕಾ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ರಿಪೇರಿಗೆ ತೆಗೆದಾಗ ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಇತ್ತು! ಹಿಂದೆ ಯಾರೋ ವಿಗ್ರಹ ಕೂರಿಸಲು ಅದರ ನಡುವೆ ತೂತು ಹೊಡೆದಿದ್ದರು. ಆ ತೂತಿನ ಜಾಗದ ಅಕ್ಷರಗಳು ಹೋದವು. ಚಪ್ಪಡಿ ಹಾಸುವಾಗ, ಬಟ್ಟೆ ಒಗೆಯುವ ಕಲ್ಲು ಹುಡುಕುವಾಗ ಒಂದು ಸಲ ಮಗುಚಿ ನೋಡಬೇಕು ಎನ್ನುವುದು ಇದಕ್ಕೇ.

ಜಮೀನು ಹೋಗಿಬಿಡ್ತದೆಯೇ?

ನಮ್ಮ ಜನ ಬಾಯಿ ಬಿಡದಿರಲು ನಿಜವಾದ ಕಾರಣ ಹೆದರಿಕೆ. "ಹೇಳಿದರೆ ಸರ್ಕಾರದವರು ಹೊಲ ಕಿತ್ಕೊಂಡು ಬೇಲಿ ಹಾಕ್ತಾರೆ" ಅಂತ. ಈ ಹೆದರಿಕೆಯನ್ನು ಹುಡುಗಾಟ ಎಂದು ತಳ್ಳಿಹಾಕುವಂತಿಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು ಎಂದು 2010ರ ತಿದ್ದುಪಡಿ ಹೇಳುತ್ತದೆ. ಆದರೆ ನಾಲ್ಕು ಮಡಕೆ ಚೂರು ಸಿಕ್ಕ ಮಾತ್ರಕ್ಕೆ ಯಾವ ಹೊಲವೂ ಸಂರಕ್ಷಿತ ಆಗುವುದಿಲ್ಲ. 1958ರ ಕೇಂದ್ರ ಕಾನೂನಿನ ಪ್ರಕಾರ ಮೊದಲು ಪ್ರಕಟಣೆ ಹೊರಡಿಸಬೇಕು, ತಕರಾರು ಹೇಳಲು ಎರಡು ತಿಂಗಳು ಅವಕಾಶ ಕೊಡಬೇಕು. ಅದೇ ರೀತಿ ನಿಧಿ ಸಿಕ್ಕರೆ ಮುಚ್ಚಿಡುವುದು ಅಪರಾಧ. ಅದನ್ನು ಅಧಿಕಾರಿಗಳಿಗೆ ತಿಳಿಸಬೇಕು ಎಂಬ ಕಾಯಿದೆ 1878ರಿಂದಲೂ ಇದೆ. ಹಳೆಯ ವಿಗ್ರಹಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸಬಾರದು ಎಂದು 1972ರ ಕಾನೂನು ಇದೆ. ಕಾನೂನು ತಿಳಿದುಕೊಂಡರೆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ.

ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಉಳುವಾಗ, ಪಾಯ ತೆಗೆಯುವಾಗ ಏನಾದರೂ ಕಂಡರೆ ಕೆಲಸ ಸ್ವಲ್ಪ ನಿಲ್ಲಿಸಿ. ವಸ್ತುವನ್ನು ಇದ್ದಲ್ಲೇ ಇರುವ ಹಾಗೆ ಫೋಟೋ ತೆಗೆಯಿರಿ. ಸರ್ವೆ ನಂಬರು, ಎಷ್ಟು ಆಳ, ಜೊತೆಯಲ್ಲಿ ಏನಿತ್ತು ಎಂದು ಬರೆದಿಡಿ. ಶಾಸನದ ಕಲ್ಲಿಗೆ ಸುಣ್ಣ, ಪೇಂಟು ಬಳಿಯಬೇಡಿ, ಉಜ್ಜಬೇಡಿ. ತಹಸೀಲ್ದಾರರಿಗೆ, ಪುರಾತತ್ವ ಇಲಾಖೆಗೆ ತಿಳಿಸಿ. ಒಬ್ಬರೇ ಹೋಗಲು ಅಳುಕಾದರೆ ಸಂಘದ ಮೂಲಕ ಹೋಗೋಣ. ಸಂಘದ ಕಚೇರಿಯಲ್ಲಿ ಇದಕ್ಕೆಂದೇ ಒಂದು ರಿಜಿಸ್ಟರ್ ಇಡಬೇಕೆಂದು ಮುಂದಿನ ಸಭೆಯಲ್ಲಿ ನಾನು ಸೂಚನೆ ತರುತ್ತೇನೆ. ಖರ್ಚು ಒಂದು ನೋಟ್ ಪುಸ್ತಕದ್ದು ಮಾತ್ರ.

ಇಪ್ಪತ್ತೈದು ವರ್ಷದ ಲೆಕ್ಕವನ್ನು ಒಂದು ಪೈಸೆ ಬಿಡದೆ ಕಾಪಾಡಿಕೊಂಡು ಬಂದ ಸಂಘ ನಮ್ಮದು. ನಾಲ್ಕೈದು ಸಾವಿರ ವರ್ಷದ ಲೆಕ್ಕ ನಮ್ಮ ಹೊಲಗಳಲ್ಲಿ ಕೂತಿದ್ದರೆ ಅದನ್ನು ಕಾಪಾಡುವುದೂ ನಮ್ಮ ಕೈಲಾಗದ ಕೆಲಸವಲ್ಲ.