ಒಂದೇ ಬಗೆಯ ಟ್ಯಾಕಲ್, ಬೇರೆ ಬೇರೆ ಶಿಕ್ಷೆ: ಫುಟ್‌ಬಾಲ್‌ನಲ್ಲಿ ರೆಡ್ ಕಾರ್ಡ್ ಗೊಂದಲ ಏಕೆ?

ಅಪಾಯಕಾರಿ ಟ್ಯಾಕಲ್ ಮಾಡಿದ ಒಬ್ಬ ಆಟಗಾರನಿಗೆ ಮೂರು ಪಂದ್ಯಗಳ ನಿಷೇಧ, ಇನ್ನೊಬ್ಬನಿಗೆ ಒಂದು ಹಳದಿ ಕಾರ್ಡ್ ಕೂಡ ಇಲ್ಲ. ಇಂಗ್ಲಿಷ್ ಪ್ರೀಮಿಯರ್ ಲೀಗ್‌ನಲ್ಲಿ ಇಂಥ ತೀರ್ಪುಗಳು ಪದೇ ಪದೇ ವಿವಾದಕ್ಕೆ ಕಾರಣವಾಗಿವೆ. ನಿಯಮ ಏನು ಹೇಳುತ್ತದೆ? ಗೊಂದಲ ಎಲ್ಲಿದೆ? ಇಲ್ಲಿದೆ ಮಾಹಿತಿ.

ನಿಯಮ ಏನು?

ಫುಟ್‌ಬಾಲ್‌ನ 12ನೇ ನಿಯಮ ಫೌಲ್‌ಗಳನ್ನು ಮೂರು ಹಂತಗಳಲ್ಲಿ ನೋಡುತ್ತದೆ. ಅಜಾಗರೂಕತೆಯ ಟ್ಯಾಕಲ್ ಆದರೆ ಫ್ರೀ ಕಿಕ್ ಮಾತ್ರ. ಎದುರಾಳಿಗೆ ಆಗಬಹುದಾದ ಅಪಾಯವನ್ನು ಲೆಕ್ಕಿಸದೆ ನುಗ್ಗಿದರೆ ಹಳದಿ ಕಾರ್ಡ್. ಅತಿಯಾದ ಬಲ ಬಳಸಿದರೆ ಅಥವಾ ಎದುರಾಳಿಯ ಸುರಕ್ಷತೆಗೆ ಧಕ್ಕೆ ತಂದರೆ ರೆಡ್ ಕಾರ್ಡ್. ಇಂಗ್ಲೆಂಡ್‌ನಲ್ಲಿ ಇದಕ್ಕೆ ಸಾಮಾನ್ಯವಾಗಿ ಮೂರು ಪಂದ್ಯಗಳ ನಿಷೇಧವಿದೆ. ಗಾಯ ಎಷ್ಟು ದೊಡ್ಡದು ಎಂಬುದು ಇಲ್ಲಿ ಅಳತೆಗೋಲಲ್ಲ.

ಎರಡು ಗಾಯ, ಎರಡು ತೀರ್ಪು

2019ರ ನವೆಂಬರ್‌ನಲ್ಲಿ ಟಾಟೆನ್‌ಹ್ಯಾಮ್‌ನ ಸನ್ ಹ್ಯೂಂಗ್-ಮಿನ್ ಮಾಡಿದ ಟ್ಯಾಕಲ್‌ನ ಬೆನ್ನಲ್ಲೇ ಎವರ್ಟನ್‌ನ ಆಂಡ್ರೆ ಗೋಮ್ಸ್ ಮತ್ತೊಬ್ಬ ಆಟಗಾರನಿಗೆ ಡಿಕ್ಕಿಯಾದರು. ಅವರ ಪಾದದ ಕೀಲು ಮುರಿಯಿತು. ಮೊದಲು ಹಳದಿ ಕಾರ್ಡ್ ತೋರಿಸಿದ ರೆಫರಿ, ನಂತರ ಅದನ್ನು ರೆಡ್ ಕಾರ್ಡ್‌ಗೆ ಬದಲಿಸಿದರು. ಟಾಟೆನ್‌ಹ್ಯಾಮ್ ಮೇಲ್ಮನವಿ ಸಲ್ಲಿಸಿದ ಬಳಿಕ ಆ ಕಾರ್ಡ್ ರದ್ದಾಯಿತು.

2021ರ ಸೆಪ್ಟೆಂಬರ್‌ನಲ್ಲಿ ಲೀಡ್ಸ್‌ನ ಪಾಸ್ಕಲ್ ಸ್ಟ್ರೌಕ್ ಟ್ಯಾಕಲ್‌ನಿಂದ ಲಿವರ್‌ಪೂಲ್‌ನ ಹಾರ್ವಿ ಎಲಿಯಟ್ ಅವರ ಪಾದದ ಕೀಲು ತಪ್ಪಿತು. ಇದು ರೆಡ್ ಕಾರ್ಡ್ ಅಲ್ಲ ಎಂದು ಸ್ವತಃ ಎಲಿಯಟ್ ಹೇಳಿದ್ದರು. ಆದರೂ ಲೀಡ್ಸ್ ಮೇಲ್ಮನವಿ ತಿರಸ್ಕೃತವಾಗಿ ನಿಷೇಧ ಉಳಿಯಿತು.

ಕಾರ್ಡ್ ಇಲ್ಲದ ಪ್ರಕರಣ

2020ರ ಅಕ್ಟೋಬರ್‌ನಲ್ಲಿ ಎವರ್ಟನ್ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫರ್ಡ್ ಡಿಕ್ಕಿಗೆ ಲಿವರ್‌ಪೂಲ್‌ನ ವರ್ಜಿಲ್ ವ್ಯಾನ್ ಡೈಕ್ ಮೊಣಕಾಲಿಗೆ ಗಂಭೀರ ಗಾಯವಾಯಿತು. ಆ ಋತುವಿನಲ್ಲಿ ಅವರು ಮತ್ತೆ ಲಿವರ್‌ಪೂಲ್ ಪರ ಆಡಲಿಲ್ಲ. ಅದಕ್ಕೂ ಮುನ್ನ ಆಫ್‌ಸೈಡ್ ಆಗಿದ್ದರಿಂದ ಪೆನಾಲ್ಟಿ ಸಿಗಲಿಲ್ಲ. ಆಫ್‌ಸೈಡ್ ಇದ್ದರೂ ರೆಡ್ ಕಾರ್ಡ್ ಕೊಡಲು ನಿಯಮದಲ್ಲಿ ಅವಕಾಶವಿದೆ. ಆದರೆ ವಿಎಆರ್ ಇದ್ದರೂ ಕಾರ್ಡ್ ಹೊರಬರಲಿಲ್ಲ. ಅಧಿಕಾರಿಗಳು ಘಟನೆಯನ್ನು ನೋಡಿದ್ದರು ಎಂಬ ಕಾರಣಕ್ಕೆ ಇಂಗ್ಲೆಂಡ್ ಫುಟ್‌ಬಾಲ್ ಸಂಸ್ಥೆ (ಎಫ್‌ಎ) ಕೂಡ ಕ್ರಮ ಕೈಗೊಳ್ಳಲಿಲ್ಲ.

ವಿನಾಯಿತಿಯೂ ಉಂಟು

2006ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಬೆನ್ ಥ್ಯಾಚರ್ ಮೊಣಕೈಯಿಂದ ಹೊಡೆದಾಗ ಪೋರ್ಟ್ಸ್‌ಮೌತ್‌ನ ಪೆಡ್ರೊ ಮೆಂಡೆಸ್ ಪ್ರಜ್ಞೆ ತಪ್ಪಿದ್ದರು. ರೆಫರಿ ಕೊಟ್ಟಿದ್ದು ಹಳದಿ ಕಾರ್ಡ್ ಮಾತ್ರ. ಆಗ ಎಫ್‌ಎ ಮಧ್ಯಪ್ರವೇಶಿಸಿ ಎಂಟು ಪಂದ್ಯಗಳ ನಿಷೇಧ ಹೇರಿತ್ತು. ಆದರೆ 2008ರಲ್ಲಿ ಆರ್ಸೆನಲ್‌ನ ಎಡ್ವರ್ಡೊ ಕಾಲು ಮುರಿದ ಬರ್ಮಿಂಗ್‌ಹ್ಯಾಮ್‌ನ ಮಾರ್ಟಿನ್ ಟೇಲರ್‌ಗೆ ಮೂರೇ ಪಂದ್ಯಗಳ ನಿಷೇಧ. ಎಡ್ವರ್ಡೊ ಮೈದಾನಕ್ಕೆ ಮರಳಲು ಸುಮಾರು ಒಂದು ವರ್ಷ ಬೇಕಾಯಿತು.

ಪರಿಹಾರ ಇದೆಯೇ?

ಗಾಯ ನೋಡಿ ಶಿಕ್ಷೆ ಕೊಟ್ಟರೆ ದುರದೃಷ್ಟಕ್ಕೂ ದಂಡ ತೆರಬೇಕಾಗುತ್ತದೆ. ಟ್ಯಾಕಲ್ ಮಾತ್ರ ನೋಡಿದರೆ ಗಾಯಗೊಂಡವರಿಗೆ ಅನ್ಯಾಯವಾಯಿತು ಎನಿಸುತ್ತದೆ. ವೇಗ, ಬಲ, ಬೂಟಿನ ಅಡಿಭಾಗ ಎಲ್ಲಿ ತಗುಲಿತು ಎಂಬುದನ್ನು ರೆಫರಿಗಳು ಗಮನಿಸುತ್ತಾರೆ. ಆದರೆ ಕೊನೆಯ ನಿರ್ಧಾರ ಒಬ್ಬ ವ್ಯಕ್ತಿಯ ವಿವೇಚನೆಗೆ ಬಿಟ್ಟಿದ್ದು. ತೀರ್ಪಿನ ಕಾರಣವನ್ನು ಪ್ರತಿ ಬಾರಿಯೂ ಬಹಿರಂಗಪಡಿಸಿದರೆ, ಒಂದು ಪ್ರಕರಣವನ್ನು ಇನ್ನೊಂದರ ಜೊತೆ ಹೋಲಿಸಿ ನೋಡಲು ಆಟಗಾರರಿಗೂ ಅಭಿಮಾನಿಗಳಿಗೂ ಸಾಧ್ಯವಾಗುತ್ತದೆ.