ಬ್ರೆಸ್ಟ್‌ಸ್ಟ್ರೋಕ್ ಹೆತ್ತ ಬಟರ್‌ಫ್ಲೈ

1952ರ ಹೆಲ್ಸಿಂಕಿ ಒಲಿಂಪಿಕ್ಸ್. ಪುರುಷರ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಚಿನ್ನ ಗೆದ್ದವರು ಆಸ್ಟ್ರೇಲಿಯಾದ ಜಾನ್ ಡೇವಿಸ್. ಅವರು ಈಜಿದ ಬಗೆ ಕಂಡರೆ ಇಂದಿನ ತರಬೇತುದಾರರು ತಬ್ಬಿಬ್ಬಾಗುತ್ತಾರೆ. ಎರಡೂ ತೋಳುಗಳನ್ನು ಒಟ್ಟಿಗೆ ನೀರಿನಿಂದ ಮೇಲೆತ್ತಿ ಮುಂದಕ್ಕೆ ಬೀಸುತ್ತಿದ್ದರು ಡೇವಿಸ್. ಈಗ ಅದು ಬಟರ್‌ಫ್ಲೈ. ಬ್ರೆಸ್ಟ್‌ಸ್ಟ್ರೋಕ್ ಸ್ಪರ್ಧೆಯಲ್ಲಿ ಹಾಗೆ ಈಜಿದವರು ಅನರ್ಹರು. ಅಂದು ಮಾತ್ರ ಅದು ನಿಯಮಕ್ಕೆ ಒಪ್ಪುವ ಈಜೇ ಆಗಿತ್ತು.

ಸ್ಪರ್ಧೆಯ ಈಜುಗಳಲ್ಲಿ ಬ್ರೆಸ್ಟ್‌ಸ್ಟ್ರೋಕ್ ಬಹಳ ಹಳೆಯದು. 1875ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಾಲುವೆಯನ್ನು 21 ಗಂಟೆ 45 ನಿಮಿಷಗಳಲ್ಲಿ ದಾಟಿದ್ದು ಇದೇ ಈಜಿನಲ್ಲಿ. ಎದೆ ಕೆಳಗೆ ಮಾಡಿ ಮಲಗಬೇಕು. ಅಂಗೈಗಳಿಂದ ನೀರನ್ನು ಅಗಲಕ್ಕೆ ಎಳೆದು, ಕೈಗಳನ್ನು ಎದೆಯ ಬಳಿ ಕೂಡಿಸಿ ಮುಂದಕ್ಕೆ ಚಾಚಬೇಕು. ಅದೇ ಹೊತ್ತಿಗೆ ಕಾಲು ಮಡಿಸಿ ಕಪ್ಪೆಯಂತೆ ಒದ್ದು, ದೇಹವನ್ನು ನೀಳವಾಗಿಟ್ಟು ಜಾರಬೇಕು. ಇದರ ತೊಡಕಿರುವುದು ಕೈಯನ್ನು ಮುಂದಕ್ಕೆ ತರುವುದರಲ್ಲಿ. ನೀರಿನ ಸಾಂದ್ರತೆ ಗಾಳಿಗಿಂತ ಸುಮಾರು 800 ಪಟ್ಟು ಹೆಚ್ಚು. ಹಾಗಾಗಿ ನೀರೊಳಗೇ ಮುಂದೆ ಬರುವ ಕೈ, ಮಡಿಚಿಕೊಳ್ಳುವ ಮೊಣಕಾಲು ಎರಡೂ ಪ್ರತಿ ಸಲ ವೇಗಕ್ಕೆ ತಡೆ ಒಡ್ಡುತ್ತವೆ.

ಕೈಕಾಲುಗಳ ಚಲನೆ ಎರಡೂ ಬದಿಗೆ ಸಮನಾಗಿ, ಒಟ್ಟಿಗೇ ಆಗಬೇಕೆಂದು ನಿಯಮ ಹೇಳುತ್ತಿತ್ತು. ತೋಳು ನೀರಿನಿಂದ ಹೊರಗೆ ಬರಬಾರದೆಂದು ಮಾತ್ರ ಹೇಳಿರಲಿಲ್ಲ. ಈ ಸಂದು ಕಂಡವರಲ್ಲಿ ಜರ್ಮನಿಯ ಎರಿಕ್ ರಾಡೆಮಾಕರ್ ಮೊದಲಿಗರು. 1920ರ ದಶಕದಲ್ಲಿ ಅವರು ಗೋಡೆ ಮುಟ್ಟುವಾಗ ತೋಳುಗಳನ್ನು ಮೇಲಿನಿಂದ ಬೀಸಿದರು. 1933ರಲ್ಲಿ ಅಮೆರಿಕದ ಹೆನ್ರಿ ಮೈಯರ್ಸ್ ಸ್ಪರ್ಧೆಯಲ್ಲಿ ಅದನ್ನೇ ಈಜಿನ ರೀತಿಯಾಗಿ ಬಳಸಿದರು. ಅಯೋವಾ ವಿಶ್ವವಿದ್ಯಾಲಯದಲ್ಲಿ ತರಬೇತುದಾರ ಡೇವಿಡ್ ಆರ್ಮ್‌ಬ್ರಸ್ಟರ್ ಮತ್ತು ಈಜುಗಾರ ಜ್ಯಾಕ್ ಸೀಗ್ ಇನ್ನೂ ಮುಂದೆ ಹೋದರು. ಕಾಲುಗಳನ್ನು ಜೋಡಿಸಿ ಮೀನಿನ ಬಾಲದಂತೆ ಮೇಲೆ ಕೆಳಗೆ ಬಡಿಯುವ ಡಾಲ್ಫಿನ್ ಕಿಕ್ ಅನ್ನು ಅವರು ಈ ತೋಳುಗಳಿಗೆ ಕೂಡಿಸಿದರು. ವೇಗ ಬಂತು, ಆದರೆ ಆ ಒದೆತಕ್ಕೆ ನಿಯಮ ಒಪ್ಪಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜೋಸೆಫ್ ವರ್ಡಿಯರ್ ಗೆದ್ದದ್ದು ಬಟರ್‌ಫ್ಲೈ ತೋಳುಗಳಿಂದಲೇ. ಹಳೆಯ ಬ್ರೆಸ್ಟ್‌ಸ್ಟ್ರೋಕ್ ತನ್ನ ಸ್ಪರ್ಧೆಯಲ್ಲೇ ಇಲ್ಲವಾಗುವ ಸ್ಥಿತಿಗೆ ಬಂದಿತ್ತು.

ಹೆಲ್ಸಿಂಕಿಯ ಬಳಿಕ ಅಂತರರಾಷ್ಟ್ರೀಯ ಈಜು ಒಕ್ಕೂಟ ಎರಡನ್ನೂ ಬೇರ್ಪಡಿಸಿತು. ಬಟರ್‌ಫ್ಲೈಗೆ ಡಾಲ್ಫಿನ್ ಕಿಕ್ ಸಿಕ್ಕಿತು. 1956ರ ಮೆಲ್ಬರ್ನ್‌ನಲ್ಲಿ ಅದು ಮೊದಲ ಬಾರಿಗೆ ಪ್ರತ್ಯೇಕ ಒಲಿಂಪಿಕ್ ಸ್ಪರ್ಧೆಯಾಯಿತು. ಪುರುಷರ 200 ಮೀಟರ್‌ನಲ್ಲಿ ವಿಲಿಯಂ ಯಾರ್ಜಿಕ್, ಮಹಿಳೆಯರ 100 ಮೀಟರ್‌ನಲ್ಲಿ ಶೆಲ್ಲಿ ಮಾನ್ ಗೆದ್ದರು. ಇಬ್ಬರೂ ಅಮೆರಿಕದವರು.

ಬ್ರೆಸ್ಟ್‌ಸ್ಟ್ರೋಕ್‌ಗೆ ನೆಮ್ಮದಿ ಸಿಗಲಿಲ್ಲ. ಅದೇ ಮೆಲ್ಬರ್ನ್‌ನಲ್ಲಿ ಜಪಾನಿನ ಮಸಾರು ಫುರುಕಾವಾ ಬಹುಪಾಲು ದೂರವನ್ನು ನೀರಿನಡಿಯಲ್ಲೇ ಈಜಿ ಚಿನ್ನ ಗೆದ್ದರು. ಮೇಲ್ಮೈಯಲ್ಲಿ ಈಜುವವರ ಶಕ್ತಿ ಅಲೆ ಎಬ್ಬಿಸುವುದರಲ್ಲೂ ಕಳೆಯುತ್ತದೆ. ಆಳಕ್ಕಿಳಿದರೆ ಆ ನಷ್ಟ ತಗ್ಗುತ್ತದೆ. ಉಸಿರು ಬಿಗಿಹಿಡಿಯುವ ಈ ಪೈಪೋಟಿ ಪ್ರಜ್ಞೆ ತಪ್ಪಿಸುವಷ್ಟು ಅಪಾಯದ್ದು. ಒಕ್ಕೂಟ ಮತ್ತೆ ನಿಯಮ ಬಿಗಿಗೊಳಿಸಿತು: ಆರಂಭದಲ್ಲಿ ಮತ್ತು ಪ್ರತಿ ತಿರುವಿನಲ್ಲಿ ನೀರಿನಡಿ ಒಂದೇ ಎಳೆತ, ಒಂದೇ ಒದೆತ.

ಆ ಒಂದು ಎಳೆತದ ನಡುವೆಯೂ ವಿವಾದ ಹುಟ್ಟಿತು. 2004ರ ಅಥೆನ್ಸ್‌ನಲ್ಲಿ ಜಪಾನಿನ ಕೊಸುಕೆ ಕಿಟಾಜಿಮಾ 100 ಮೀಟರ್ ಗೆದ್ದಾಗ, ಅವರು ಡಾಲ್ಫಿನ್ ಕಿಕ್ ಹೊಡೆದರೆಂದು ಅಮೆರಿಕದ ಪಾಳಯದಿಂದ ಆಕ್ಷೇಪ ಬಂತು. ಪದಕ ಕಿಟಾಜಿಮಾರಲ್ಲೇ ಉಳಿಯಿತು. ಮರುವರ್ಷ ಆ ಜಾಗದಲ್ಲಿ ಒಂದು ಡಾಲ್ಫಿನ್ ಕಿಕ್‌ಗೆ ಒಕ್ಕೂಟವೇ ಒಪ್ಪಿಗೆ ಕೊಟ್ಟಿತು.

2019ರಲ್ಲಿ ಬ್ರಿಟನ್ನಿನ ಆ್ಯಡಂ ಪೀಟಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕನ್ನು 56.88 ಸೆಕೆಂಡುಗಳಲ್ಲಿ ಮುಗಿಸಿದರು. 2021ರಲ್ಲಿ ಟೋಕಿಯೊದಲ್ಲಿ ಅಮೆರಿಕದ ಕೇಲಬ್ ಡ್ರೆಸ್ಸೆಲ್ ಅಷ್ಟೇ ದೂರದ ಬಟರ್‌ಫ್ಲೈಗೆ ತೆಗೆದುಕೊಂಡದ್ದು 49.45 ಸೆಕೆಂಡು. ತಾಯಿಗಿಂತ ಮಗಳು ಏಳು ಸೆಕೆಂಡಿಗೂ ಹೆಚ್ಚು ಮುಂದಿದ್ದಾಳೆ. 1952ರಲ್ಲಿ ಇಬ್ಬರನ್ನೂ ಬೇರೆ ಮಾಡಿದ್ದರಿಂದಲೇ ನಿಧಾನದ ತಾಯಿಗೂ ಇಂದು ಒಲಿಂಪಿಕ್ಸ್‌ನಲ್ಲಿ ತನ್ನದೇ ಪದಕಗಳಿವೆ.