ಅಟ್ಟದ ಮೇಲಿನ ಸೇರು

ಹಬ್ಬಕ್ಕೆಂದು ಅಟ್ಟವನ್ನು ಗುಡಿಸುವಾಗ ಮೂಲೆಯಲ್ಲಿ ಕಿಲುಬು ಹಿಡಿದ ಹಿತ್ತಾಳೆಯ ಸೇರೊಂದು ನಿಮ್ಮ ಕೈಗೆ ಸಿಕ್ಕೀತು. ಅದರೊಳಗೆ ಅಚ್ಚೇರು, ಅಚ್ಚೇರಿನೊಳಗೆ ಪಾವು ಕುಳಿತಿದ್ದರೂ ಆಶ್ಚರ್ಯವಿಲ್ಲ. ಇನ್ನು ಇದರಿಂದ ಏನು ಪ್ರಯೋಜನವೆಂದು ಗುಜರಿಯವನನ್ನು ಕೂಗುವ ಮುನ್ನ ಒಂದು ಗಳಿಗೆ ತಡೆಯಿರಿ. ರಾಜರ ಖಡ್ಗವೂ ತಾಮ್ರಶಾಸನವೂ ಮಾತ್ರವೇ ಚರಿತ್ರೆಯಲ್ಲ. ಈ ಸೇರಿಗೂ ಅದರಲ್ಲಿ ಪಾಲುಂಟು.

ಸೇರು, ಚಟಾಕು ಎಂಬುವು ಉತ್ತರದ ಕಡೆಯಿಂದ ಬಂದು ನಮ್ಮ ಮಾತಿಗೆ ಸೇರಿದ ಹೆಸರುಗಳು. ಇವುಗಳಿಗಿಂತ ಮೊದಲೇ ಮಾನ, ಬಳ್ಳ, ಸೊಲಗೆ, ಕೊಳಗ, ಖಂಡುಗಗಳು ನಮ್ಮಲ್ಲಿದ್ದುವು. ಕನ್ನಡ ಶಾಸನಗಳನ್ನು ಓದುವವರಿಗೆ ಇವು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ದೇವರ ನಂದಾದೀವಿಗೆಗೆ ಬಿಟ್ಟ ಎಣ್ಣೆಗೆ ಸೊಲಗೆಯ ಲೆಕ್ಕ. ಗದ್ದೆಯ ವಿಸ್ತಾರಕ್ಕೆ ಅದರಲ್ಲಿ ಬಿತ್ತುವ ಬೀಜದ ಲೆಕ್ಕ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಂದು ಖಂಡುಗ ಬೀಜ ಹಿಡಿಯುವ ನೆಲ ಒಂದು ಖಂಡುಗ ಗದ್ದೆ. ಭೂಮಿಯನ್ನು ಕಾಳಿನಿಂದಲೇ ಅಳೆದವರು ನಮ್ಮ ಹಿರಿಯರು! 12ನೆಯ ಶತಮಾನದ ಶರಣರಲ್ಲಿ ಬಳ್ಳೇಶ ಮಲ್ಲಯ್ಯನೆಂಬ ವರ್ತಕನೊಬ್ಬನಿದ್ದನು. ಅಳೆಯುವ ಬಳ್ಳವನ್ನೇ ಲಿಂಗವೆಂದು ನಂಬಿ ಪೂಜಿಸಿದನೆಂದು ಅವನ ವಿಷಯದಲ್ಲಿ ಐತಿಹ್ಯ. ಅಳತೆ ಸುಳ್ಳಾಡಬಾರದೆಂಬ ನೀತಿಗೆ ಇದಕ್ಕಿಂತ ಒಳ್ಳೆಯ ಕಥೆ ಯಾವುದಿದೆ?

ಈಗ ಸೇರಿನ ಅಂಚನ್ನು ಹುಣಿಸೆಹಣ್ಣು ಹಚ್ಚಿ ಉಜ್ಜಿ ನೋಡಿರಿ. ಅಳತೆ ಸರಿಯೆಂದು ಪರೀಕ್ಷಿಸಿ ಸರ್ಕಾರದವರು ಒತ್ತಿದ ಮುದ್ರೆ ಕಂಡರೂ ಕಾಣಬಹುದು. ಊರಿಗೊಂದು ಸೇರು ಇದ್ದ ಕಾಲದಲ್ಲಿ ಆ ಮುದ್ರೆಯ ಬೆಲೆ ಬಹಳ. ಸ್ವಾತಂತ್ರ್ಯದ ಬಳಿಕ ಈ ಗೊಂದಲ ತೊಲಗಲೆಂದೇ 1956ರಲ್ಲಿ ತೂಕ ಅಳತೆಗಳ ಕಾಯಿದೆಯಾಯಿತು. 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ರೂಪಾಯಿ ನೂರು ನಯೇಪೈಸೆಯಾಯಿತು. 1958ರ ಅಕ್ಟೋಬರಿನಿಂದ ಕಿಲೋಗ್ರಾಮು ಹಂತಹಂತವಾಗಿ ಅಂಗಡಿಗಳಿಗೆ ಬಂದಿತು. ಎಂಬತ್ತು ತೊಲೆಯ ತೂಕದ ಸೇರು ಸುಮಾರು 933 ಗ್ರಾಮಿಗೆ ಸಮವೆಂದು ಕಾಗದದ ಮೇಲೆ ಬರೆದುಕೊಂಡು ಜನ ಹೊಸ ಲೆಕ್ಕ ಕಲಿತರು. ಬದಲಾವಣೆ ಒಳ್ಳೆಯದೇ ಆಯಿತು. ಆದರೆ ಅಂಗಡಿಯಿಂದ ಹೊರಬಿದ್ದ ಸೇರು ಅಡಿಗೆಮನೆಯಿಂದ ಹೊರಬೀಳಲು ಇನ್ನೂ ಬಹಳ ವರ್ಷ ಹಿಡಿಯಿತು.

ನಮ್ಮ ಅಜ್ಜಿ ಅಕ್ಕಿ ಅಳೆಯುವಾಗ ಮೊದಲನೆಯ ಸೇರಿಗೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ನೆರೆಮನೆಯಿಂದ ಕಡ ತರುವಾಗ ಅಂಚಿಗೆ ಸಮನಾಗಿ ಅಂಗೈಯಿಂದ ಸವರಿ ತರುವರು; ಹಿಂದಿರುಗಿಸುವಾಗ ಗೋಪುರ ಏಳುವಂತೆ ತುಂಬಿ ಕೊಡುವರು. ಆ ಹೆಚ್ಚಿನ ಹಿಡಿ ಅಕ್ಕಿಯನ್ನು ಯಾವ ಶಾಸನವೂ ವಿಧಿಸಿರಲಿಲ್ಲ.

ಈ ಮಾತನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೊಂದು ಅಳುಕು. ನಮ್ಮ ಮನೆಯಲ್ಲಿ ಕಬ್ಬಿಣದ ಕೊಳಗವೊಂದಿತ್ತು. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ನಾನೇ ಅದನ್ನು ಗುಜರಿಯವನಿಗೆ ಕೊಟ್ಟೆ. ಮೂರು ತಲೆಮಾರಿನ ಕಾಳನ್ನು ಅಳೆದ ಪಾತ್ರೆಯನ್ನು ಅವನು ತಕ್ಕಡಿಯಲ್ಲಿಟ್ಟು ತೂಗಿದನು. ಬಂದ ಹಣ ಏನಾಯಿತೋ ನೆನಪಿಲ್ಲ. ಅದರ ಹೊರಮೈಯಲ್ಲಿ ಏನೋ ಅಕ್ಷರಗಳಿದ್ದುವು. ಶಾಸನಗಳ ಅಕ್ಷರವನ್ನು ಕೂಡಿಸಿ ಓದಲು ಕಲಿತ ನಾನು ನಮ್ಮ ಮನೆಯ ಕೊಳಗದ ಅಕ್ಷರವನ್ನು ಓದಿ ನೋಡಲಿಲ್ಲ. ಅದು ಮುತ್ತಜ್ಜನ ಹೆಸರೋ, ಊರಿನ ಹೆಸರೋ, ಇನ್ನು ಹೇಳುವವರಿಲ್ಲ.

ಆದಕಾರಣ ನಿಮ್ಮಲ್ಲಿ ಒಂದು ವಿಜ್ಞಾಪನೆ. ಅಟ್ಟದಿಂದ ಇಳಿಸಿದ ಸೇರನ್ನು ಮನೆಯ ಹಿರಿಯರ ಮುಂದಿಡಿರಿ. ಯಾರ ಕಾಲದ್ದು, ಯಾವ ಊರಿನಿಂದ ಬಂದುದು, ಯಾವ ಸೊಸೆ ಹೊಸ್ತಿಲಲ್ಲಿ ಅದನ್ನು ಒದ್ದು ಒಳಗೆ ಬಂದಳು ಎಂದು ಕೇಳಿರಿ. ಅವರು ಹೇಳಿದುದನ್ನು ಒಂದು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ಸೇರಿನೊಳಗೇ ಇಡಿರಿ. ಸೇರು ಇನ್ನೂ ನೂರು ವರ್ಷ ಬಾಳೀತು. ಹೇಳುವವರು ಅಷ್ಟು ಕಾಲ ಇರುವುದಿಲ್ಲ.